ಹಸಿರಿನ ಮೇಲೆ, ಕೆನೆಬಣ್ಣದ ಕೆಳಗೆ

೬ ಜೂನ್

ಮಾನ್ಯರೆ,

ನನ್ನ ಪರಿಚಯ ನಿಮಗಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ನೀವು ಮಾರಿದ ಮನೆಯನ್ನು ನಗರಸಭೆ ಈಗ ಕೊಂಡಿದೆ. ದುರಸ್ತಿ ಮಾಡಿಸಿ ಸಾರ್ವಜನಿಕ ವಾಚನಾಲಯ ಮಾಡಲಿದ್ದಾರೆ. ನಾನು ದುರಸ್ತಿ ತಂಡದ ಸಹಾಯಕಿ. ಓದಿದ್ದು ಸಾಹಿತ್ಯ, ಮಾಡುತ್ತಿರುವುದು ಬಣ್ಣ ಕೆರೆಯುವ ಕೆಲಸ. ಗೋಡೆ, ಕಿಟಕಿ, ಬಾಗಿಲುಗಳ ಮೇಲೆ ಹೆಬ್ಬೆರಳಗಲದ ಚೌಕಗಳಲ್ಲಿ ಒಂದೊಂದೇ ಪದರ ಕೆರೆದು, ಯಾವ ಮಾಲೀಕರ ಕಾಲದಲ್ಲಿ ಯಾವ ಬಣ್ಣವಿತ್ತೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ.

ಮುಂಬಾಗಿಲ ಪಕ್ಕದಲ್ಲಿ ಹಿಂದಿನ ಮಾಲೀಕರ ಹೆಸರಿನ ಫಲಕ ಹಾಕುವ ಯೋಚನೆಯಿದೆ. ಈವರೆಗೆ ತಿಳಿದದ್ದು ಇಷ್ಟು: ಕಟ್ಟಿಸಿದವರು ಹಗ್ಗದ ವ್ಯಾಪಾರಿ, ಆಮೇಲೆ ಒಬ್ಬ ವೈದ್ಯರು, ಆಮೇಲೆ ನೀವು, ನಿಮ್ಮ ನಂತರ ಕನ್ನಡಕದ ಅಂಗಡಿಯವರು. ನಿಮ್ಮ ಕಾಲದಲ್ಲಿ ಮನೆ ಹೇಗಿತ್ತು, ಏನೇನು ಬದಲಾಯಿಸಿದಿರಿ ಎಂದು ನಾಲ್ಕು ಸಾಲು ಬರೆದರೆ ಉಪಕಾರವಾಗುತ್ತದೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಪತ್ರ.

ವಿಶ್ವಾಸಿ,
ಸಹಾಯಕಿ

೧೭ ಜೂನ್

ಸಹಾಯಕಿಯವರೆ,

ನನ್ನ ವಿಳಾಸ ನಿಮಗೆ ಕೊಟ್ಟವರು ಯಾರು? ಮೊದಲು ಅದನ್ನು ತಿಳಿಸಿ.

ಫಲಕದಲ್ಲಿ ನನ್ನ ಹೆಸರು ಬೇಡ. "ವೈದ್ಯರ ನಂತರ ಒಬ್ಬ ಹೆಂಗಸು" ಎಂದು ಬರೆದರೂ ಹೆಚ್ಚಾಯಿತು. ಮುಂದಿನ ಹಜಾರದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದೆ. ಹಿಂದೆ ವಾಸ. ಮನೆಯಲ್ಲಿ ಏನನ್ನೂ ಬದಲಾಯಿಸಲಿಲ್ಲ. ಹೊರಡುವ ಮುನ್ನ ಬಾಗಿಲುಗಳಿಗೆ ಹಸಿರು ಬಣ್ಣ ಬಳಿದೆ, ಅಷ್ಟೆ. ನೀವು ಕೇಳಿದ್ದಕ್ಕೆ ಉತ್ತರ ಮುಗಿಯಿತು.

ಹಿಂದಿನ ಕೋಣೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿಲ್ಲ ತಾನೆ?

ಇನ್ನೊಂದು. "ಮಾನ್ಯರೆ" ಎಂದು ಬರೆಯಬೇಡಿ. ಆ ಪದವನ್ನು ದಿನಕ್ಕೆ ನೂರು ಸಲ ಹುಡುಗಿಯರಿಂದ ಟೈಪ್ ಮಾಡಿಸಿದವಳು ನಾನು. ಕಂಡರೆ ತಪ್ಪು ಹುಡುಕಬೇಕೆನಿಸುತ್ತದೆ. ಎಲ್ಲರೂ ಟೀಚರ್ ಎನ್ನುತ್ತಿದ್ದರು.

ಟೀಚರ್

೨೪ ಜೂನ್

ಟೀಚರ್,

ವಿಳಾಸ ಯಾರೂ ಕೊಡಲಿಲ್ಲ, ನಾನೇ ಹುಡುಕಿದೆ. ನೀರಿನ ಸಂಪರ್ಕವನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಕೊಡಿರೆಂದು ನೀವು ಊರು ಬಿಟ್ಟ ಮೇಲೆ ಕಳುಹಿಸಿದ ಅರ್ಜಿ ನಗರಸಭೆಯ ಕಡತದಲ್ಲಿತ್ತು. ಒಂದೇ ಒಂದು ತಪ್ಪಿಲ್ಲದೆ ಟೈಪ್ ಮಾಡಿದ ಅರ್ಜಿ. ಕೋಪ ಮಾಡಿಕೊಳ್ಳಬೇಡಿ.

ಏನನ್ನೂ ಬದಲಾಯಿಸಲಿಲ್ಲ ಎಂದಿರಿ. ಆದರೆ ಹಜಾರದ ನೆಲದಲ್ಲಿ ನಲವತ್ತೆಂಟು ಸಣ್ಣ ಕುಳಿಗಳಿವೆ. ಹನ್ನೆರಡು ಮೇಜು, ಮೇಜಿಗೆ ನಾಲ್ಕು ಕಾಲು, ಅಲ್ಲವೆ? ಅವನ್ನು ಎಣಿಸಿದ ದಿನ ನನಗೆ ಇಡೀ ಹಜಾರ ಟಕಟಕ ಎಂದಂತಾಯಿತು.

ಈ ಮನೆ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಮುಂಭಾಗ ಹದಿನಾಲ್ಕೇ ಅಡಿ, ಉದ್ದ ಅರವತ್ತು. ನಡೆದಷ್ಟೂ ಇನ್ನೊಂದು ಕೋಣೆ. ಕೆಳಮನೆಯ ಗೋಡೆಗಳ ಮೂಲೆಗಳೆಲ್ಲ ಉರುಟಾಗಿವೆ. ಏಕೆಂದು ತಿಂಗಳು ಯೋಚಿಸಿದೆ. ನಮ್ಮ ಮೇಸ್ತ್ರಿ ಒಂದೇ ಮಾತಿನಲ್ಲಿ ಹೇಳಿದರು: "ಹಗ್ಗದ ಸಿಂಬಿ ಎಳೆದಾಡ್ತಿದ್ರು ಕಣಮ್ಮ. ಮೂಲೆ ಚೂಪಾಗಿದ್ರೆ ಹಗ್ಗ ಸವೀತದೆ." ಬೀದಿಯ ಪಕ್ಕದ ಸಣ್ಣ ಬಾಗಿಲು ವೈದ್ಯರು ರೋಗಿಗಳಿಗೆಂದು ತೆರೆಸಿದ್ದು. ಮೆಟ್ಟಿಲುಗಳಲ್ಲಿ ಒಂಬತ್ತನೆಯದು ಮಾತ್ರ ಒಂದು ಬೆರಳು ಗಿಡ್ಡ. ಅದೇಕೆಂದು ಗೊತ್ತಾಗಿಲ್ಲ.

ಚೌಕಟ್ಟು ಸಾಗವಾನಿ. ಗೆದ್ದಲು ಇಲ್ಲ, ಕಲ್ಲಿನಂತಿದೆ.

ಸಹಾಯಕಿ (ಇಲ್ಲಿ ಎಲ್ಲರೂ ನನ್ನನ್ನು "ಕಾದಂಬರಿ" ಎಂದು ಕರೆಯುತ್ತಾರೆ, ಹೊಗಳಿಕೆಯಲ್ಲ)

೨ ಜುಲೈ

ಕಾದಂಬರಿ,

ಒಂಬತ್ತನೆಯ ಮೆಟ್ಟಿಲಲ್ಲಿ ಎಲ್ಲರೂ ಎಡವುತ್ತಿದ್ದರು. ವೈದ್ಯರ ಹೆಂಡತಿ ನನಗೆ ಹೇಳಿದ್ದರು, ಹಗ್ಗದವರು ಬೇಕೆಂದೇ ಹಾಗೆ ಕಟ್ಟಿಸಿದರಂತೆ, ಮಹಡಿಗೆ ಹತ್ತುವ ಅಪರಿಚಿತನ ಹೆಜ್ಜೆ ತಪ್ಪಿ ಸದ್ದಾಗಲೆಂದು. ನಿಜವೋ ಸುಳ್ಳೋ. ಮನೆಯವರು ಮಾತ್ರ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದೆವು.

ನಿನ್ನ ಪತ್ರ ಬಂದಾಗಿನಿಂದ ನಾನೂ ಕೂತಲ್ಲಿ ಕೂರುತ್ತಿಲ್ಲ. ಇಲ್ಲಿರುವುದು ಎರಡು ಕೋಣೆ, ಅದರಲ್ಲೇ ಅರವತ್ತಡಿ ನಡೆಯುತ್ತೇನೆ. ಕೆಳಗಿನ ಮನೆಯಾಕೆ ನಿನ್ನೆ ಮೇಲೆ ಬಂದು, "ಏನ್ ಟೀಚರ್, ಮನೇಲಿ ಸವಾರಿ ಹೊರಟಿದ್ದೀರಾ?" ಎಂದಳು.

ಚೌಕಟ್ಟಿನ ಬಗ್ಗೆ ಸರಿಯಾಗಿ ಹೇಳು. ಕನ್ನಡಕದವರು ಅದಕ್ಕೆ ಬಣ್ಣ ಬಳಿದಿದ್ದಾರೆಯೆ? ನನ್ನ ಹಸಿರನ್ನು ಕೆರೆದು ಬಳಿದಿದ್ದಾರೆಯೆ, ಇಲ್ಲ ಅದರ ಮೇಲೆಯೇ ಬಳಿದಿದ್ದಾರೆಯೆ?

ಟೀಚರ್

೧೦ ಜುಲೈ

ಟೀಚರ್,

ಅವರು ಕೆನೆಬಣ್ಣ ಬಳಿದಿದ್ದರು, ನಿಮ್ಮ ಹಸಿರಿನ ಮೇಲೆಯೇ, ಕೆರೆಯದೆ. ಹಸಿರಿನ ಅಡಿಯಲ್ಲಿ ಬಿಳಿ ಇತ್ತು, ಬಿಳಿಯ ಅಡಿಯಲ್ಲಿ ವೈದ್ಯರ ಕಾಲದ ಕಂದು. ಕೊನೆಗೆ ಎಣ್ಣೆ ಕುಡಿದ ಬರಿ ಮರ. ನಾಲ್ಕು ಪದರಗಳೂ ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಆ ಚೌಕಟ್ಟಿನಲ್ಲಿ ಮಾತ್ರ.

ಒಳ್ಳೆಯ ಮರವೆಂದು ನಿಮಗೆ ಚಿಂತೆಯೇನೋ. ಅದನ್ನು ಯಾರೂ ಕಿತ್ತೊಯ್ಯುವುದಿಲ್ಲ, ನಿಶ್ಚಿಂತೆಯಿಂದಿರಿ. ಫಲಕದಲ್ಲಿ ನಿಮ್ಮ ಹೆಸರು ನಿಜಕ್ಕೂ ಬೇಡವೆ? ಹಗ್ಗದವರ ಹೆಸರಿರುತ್ತದೆ, ಅವರು ಹನ್ನೊಂದು ವರ್ಷವಷ್ಟೇ ಇದ್ದದ್ದು. ನೀವು ಇಪ್ಪತ್ತೆರಡು ವರ್ಷ ಇದ್ದಿರಿ.

ಕಾದಂಬರಿ

೧೮ ಜುಲೈ

ಕಾದಂಬರಿ,

ಬಣ್ಣದ ಮೇಲೆ ಬಣ್ಣ. ಹಾಗಾದರೆ ಎಲ್ಲವೂ ಒಳಗೇ ಇದೆ. ಈ ಸಾಲನ್ನು ಓದಿ ಎದ್ದು ಎರಡು ಲೋಟ ನೀರು ಕುಡಿದೆ.

ಮರದ ಚಿಂತೆ ನನಗಿಲ್ಲ. ನನಗೊಬ್ಬ ಮಗನಿದ್ದ. ಇದ್ದಾನೆ ಎಂದು ಬರೆಯಬೇಕೋ ಏನೋ, ಗೊತ್ತಿಲ್ಲ. ಎರಡು ತುಂಬಿದಾಗಿನಿಂದ ಪ್ರತಿ ವರ್ಷ ಅವನು ಹುಟ್ಟಿದ ದಿನ ಅವನನ್ನು ಆ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಅಭ್ಯಾಸದ ಪುಸ್ತಕವಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಏಳು ಗೆರೆ ಆಯಿತು. ಎಂಟೂವರೆ ವರ್ಷದವನಿದ್ದಾಗ ಅವನ ಅಪ್ಪ, "ಹದಿನೈದು ದಿನ ಇಟ್ಕೊಂಡು ಕಳಿಸ್ತೀನಿ" ಎಂದು ಕರೆದೊಯ್ದವರು ದೇಶವನ್ನೇ ಬಿಟ್ಟರು. ನಾವಿಬ್ಬರೂ ಅದಕ್ಕೆ ಮೊದಲೇ ಬೇರೆಯಾಗಿದ್ದೆವು. ಬರೆದ ಪತ್ರಗಳೆಲ್ಲ ವಾಪಸು ಬಂದವು. ಹನ್ನೆರಡು ವರ್ಷ ಅದೇ ಮನೆಯಲ್ಲಿ ಕಾದೆ. ಬಾಗಿಲು ಸದ್ದಾದಾಗಲೆಲ್ಲ ಬೆರಳು ಟೈಪ್ ಯಂತ್ರದ ಕೀಲಿಯ ಮೇಲೇ ನಿಲ್ಲುತ್ತಿತ್ತು. ಒಂದು ದಿನ ಸಾಕಾಯಿತು.

ಗೆರೆಗಳನ್ನು ಅಳಿಸಲು ಕೈ ಬರಲಿಲ್ಲ. ಬಿಟ್ಟರೆ ಕೊಂಡವರು ಒರೆಸಿಬಿಡುತ್ತಾರೆ. ಅದಕ್ಕೇ ಮೇಲೆ ಹಸಿರು ಬಳಿದೆ. ಬಣ್ಣದಡಿ ಇದ್ದದ್ದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ ಎಂದುಕೊಂಡೆ.

ನೀನು ಪದರ ಪದರ ಬಿಡಿಸುವವಳು. ಹಸಿರನ್ನು ಮಾತ್ರ ತೆಗೆದು, ಆ ಬಿಳಿಯನ್ನು ಮುಟ್ಟದೆ ನಿಲ್ಲಿಸಲು ಬರುತ್ತದೆಯೆ? ಬರುವುದಾದರೆ ತಿಳಿಸು. ನಾನೇ ಬರುತ್ತೇನೆ. ಒಂದು ಸಲ ನೋಡಬೇಕು.

ಟೀಚರ್

೯ ಆಗಸ್ಟ್

ಟೀಚರ್,

ಉತ್ತರ ತಡವಾಯಿತು. ಇಲ್ಲಿ ಕೆಲಸ ಜೋರಾಗಿದೆ. ಮೆಟ್ಟಿಲ ಮೇಲಿನ ದುಂಡು ಕಿಟಕಿಯ ಗಾಜು ಬಿಚ್ಚಿದೆವು. ಎಂಟು ಹೋಳುಗಳಲ್ಲಿ ಮೂರು ಹಗ್ಗದವರ ಕಾಲದವು, ಉಳಿದವು ವೈದ್ಯರು ಹಾಕಿಸಿದವು. ಹಳೆಯ ಗಾಜಿನಲ್ಲಿ ಸಣ್ಣ ಗುಳ್ಳೆಗಳಿವೆ, ಬೆಳಿಗ್ಗೆ ಹನ್ನೊಂದಕ್ಕೆ ಅವುಗಳ ನೆರಳು ಗೋಡೆಯ ಮೇಲೆ ಬೀಳುತ್ತಿತ್ತು. ನಡುಮನೆಗೆ ಕಿಟಕಿಯೇ ಇಲ್ಲದ್ದರಿಂದ ಮಾಡಿನಲ್ಲಿ ಆರು ಗಾಜಿನ ಹೆಂಚುಗಳನ್ನು ಕೂರಿಸಿದ್ದಾರೆ. ಎರಡು ಒಡೆದಿವೆ. ಹೊಸ ಹೆಂಚಿನ ಅಳತೆ ಹಳೆಯದಕ್ಕೆ ಹೊಂದುತ್ತಿಲ್ಲವೆಂದು ಮೇಸ್ತ್ರಿ ಮೂರು ದಿನದಿಂದ ಸಿಡಿಮಿಡಿ. ಒಂಬತ್ತನೆಯ ಮೆಟ್ಟಿಲನ್ನು ಹಾಗೆಯೇ ಬಿಡಬೇಕೆಂದು ನಾನು ಹಟ ಹಿಡಿದಿದ್ದೇನೆ. ಈಗ ಮಳೆಯೂ ಹೆಚ್ಚು, ಪ್ರಯಾಣ ನಿಮಗೆ ಆಯಾಸವಾದೀತು. ಅವಸರ ಮಾಡಬೇಡಿ.

ಕಾದಂಬರಿ

೧೬ ಆಗಸ್ಟ್

ನಾನು ಕೇಳಿದ್ದು ಗಾಜಿನ ಹೆಂಚನ್ನಲ್ಲ.

ಮೊದಲ ಪಾಠದಲ್ಲೇ ಹುಡುಗಿಯರಿಗೆ ಹೇಳುತ್ತಿದ್ದೆ: ತಪ್ಪು ಬಿದ್ದರೆ ಅದರ ಮೇಲೆ ಇನ್ನೊಂದು ಅಕ್ಷರ ಹೊಡೆಯಬೇಡಿ, ಎರಡೂ ಕೆಡುತ್ತವೆ. ಚೌಕಟ್ಟಿಗೆ ಏನು ಮಾಡಿದ್ದೀಯ?

೨೦ ಆಗಸ್ಟ್

ಟೀಚರ್,

ಚೌಕಟ್ಟಿನಲ್ಲಿ ಬಣ್ಣವಿಲ್ಲ. ನಿಮಗೆ ಮೊದಲ ಪತ್ರ ಬರೆಯುವುದಕ್ಕೆ ಎರಡು ವಾರ ಮುಂಚೆಯೇ ಅದನ್ನು ಬರಿ ಮರಕ್ಕೆ ಇಳಿಸಿಯಾಗಿತ್ತು. ಹಗ್ಗದವರ ಕಾಲದಲ್ಲಿ ಮರಗಳೆಲ್ಲ ಹೇಗಿದ್ದವೆಂದು ತೋರಿಸಲು ಮಾದರಿಗಾಗಿ ಒಂದು ಚೌಕಟ್ಟನ್ನು ಪೂರ್ತಿ ಕೆರೆಯಬೇಕಿತ್ತು. ನಮ್ಮ ಇಂಜಿನಿಯರ್ ಅದನ್ನೇ ಆರಿಸಿದರು. ಕೆರೆದವಳು ನಾನು. ನಾಲ್ಕು ದಿನ ಕೆರೆದೆ. ಚೆನ್ನಾಗಿ ಬಂತೆಂದು ಹೊಗಳಿಸಿಕೊಂಡೆ. ಜುಲೈ ಹತ್ತರ ಪತ್ರದಲ್ಲಿ "ಬಿಳಿ ಇತ್ತು" ಎಂದು ಬರೆದೆನಲ್ಲ, ನೀವು ಅದನ್ನು "ಇದೆ" ಎಂದು ಓದಿಕೊಂಡಿರಿ. ಅದು ಗೊತ್ತಾದ ಮೇಲೂ ಇಪ್ಪತ್ತು ದಿನ ಸುಮ್ಮನಿದ್ದೆ, ಆಮೇಲೆ ಗಾಜಿನ ಬಗ್ಗೆ ಬರೆದೆ. ಕ್ಷಮಿಸಿ ಎಂದು ಕೇಳಲು ಬಾಯಿಲ್ಲ.

ಗೆರೆಗಳನ್ನು ನೋಡಿದ್ದೆ. ಏನಿರಬಹುದೆಂದು ಇಂಜಿನಿಯರನ್ನು ಕೇಳಿದೆ. "ಯಾವನೋ ಬಡಗಿ ಕಪಾಟು ಕೂರಿಸೋಕೆ ಗುರುತು ಹಾಕ್ಕೊಂಡಿರ್ತಾನೆ ಬಿಡಮ್ಮ. ಗೆರೆ ಕಂಡಲ್ಲೆಲ್ಲ ಕಾದಂಬರಿ ಬರೀಬೇಡ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಫೋಟೋ ಕೆಲಸಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಅಷ್ಟೇ ತೆಗೆಯುವುದು. ನಡುವೆ ಕಂಡದ್ದಕ್ಕೆ ನನ್ನ ಪುಸ್ತಕವೊಂದೇ ದಾಖಲೆ. ಆ ಪುಟವನ್ನು ಇದ್ದಹಾಗೆ ನಕಲು ಮಾಡಿದ್ದೇನೆ:

"ಹಿಂದಿನ ಕೋಣೆ, ಬಾಗಿಲ ಚೌಕಟ್ಟು, ಬಲಗಂಬ. ಪೆನ್ಸಿಲ್ ಗೆರೆಗಳು, ಬಹುಶಃ ಬಡಗಿಯವು. ನೆಲದಿಂದ: ೨ ಅಡಿ ೮½ ಅಂಗುಲ. ೩ ಅಡಿ. ೩ ಅಡಿ ೨½. ೩ ಅಡಿ ೫. ೩ ಅಡಿ ೭½. ೩ ಅಡಿ ೯½. ೪ ಅಡಿ. ಇವು ಬಿಳಿಯ ಮೇಲೆ. ಇನ್ನೊಂದು, ೫ ಅಡಿ ೭½. ಎಲ್ಲ ಗೆರೆಗಳಿಗೂ ಎಡತುದಿಯಲ್ಲಿ ಮೇಲಕ್ಕೆ ಚಿಮ್ಮಿದ ಸಣ್ಣ ಬಾಲ."

ಇಷ್ಟೇ ಉಳಿದಿರುವುದು.

ಕಾದಂಬರಿ

೨೪ ಸೆಪ್ಟೆಂಬರ್

ಸಹಾಯಕಿಯವರೆ,

ತಿಂಗಳಿಂದ ನಿಮ್ಮ ಕಾಗದ ಮೇಜಿನ ಮೇಲಿತ್ತು. ಇಂದು ಬರೆಯುತ್ತಿರುವುದು ಎರಡು ತಪ್ಪುಗಳನ್ನು ತೋರಿಸಲು.

ಒಂದು. ನಿಮಗೆ ಅಳೆಯಲು ಬರುವುದಿಲ್ಲ. ಆರು ತುಂಬಿದಾಗ ಅವನು ಮೂರಡಿ ಒಂಬತ್ತು ಅಂಗುಲ. ನೀವು ಏಳೂವರೆ ಎಂದು ಬರೆದಿದ್ದೀರಿ. ಎಂಟಕ್ಕೆ ನಾಲ್ಕಡಿ ಒಂದೂವರೆ, ನೀವು ಬರಿ ನಾಲ್ಕಡಿ ಎಂದಿದ್ದೀರಿ. ಏಳು ಅಳತೆಗಳನ್ನೂ ನಾನು ಒಂದು ರಟ್ಟಿನ ಮೇಲೆ ಟೈಪ್ ಮಾಡಿಟ್ಟುಕೊಂಡಿದ್ದೇನೆ, ಅದರ ನಕಲು ಇದರ ಜೊತೆಗಿದೆ. ನಿಮ್ಮವು ಏಳಕ್ಕೆ ಏಳೂ ತಪ್ಪು. ನನ್ನ ಗೆರೆ ಕೆರೆದು ಹಾಕಿದ್ದು ಸಾಲದೆಂದು ಅವನನ್ನು ಗಿಡ್ಡ ಮಾಡಿದ್ದೀರಿ.

ಎರಡು. ನಾನು ಎಳೆದದ್ದು ಏಳೇ ಗೆರೆ. ಎಂಟನೆಯದು ನಿಮ್ಮ ಇಂಜಿನಿಯರ್ ಹೇಳಿದ ಬಡಗಿಯದೇ ಇರಬೇಕು. ಅದನ್ನು ತಂದು ನನ್ನ ಮಗನ ಸಾಲಿಗೆ ಸೇರಿಸಬೇಡಿ.

ಇನ್ನು ಬರೆಯುವ ಅಗತ್ಯವಿಲ್ಲ.

೩ ಅಕ್ಟೋಬರ್

ಟೀಚರ್,

ಬರೆಯಬೇಡಿ ಎಂದಿರಿ. ಆದರೂ ಬರೆಯುತ್ತಿದ್ದೇನೆ. ಹೀಗೆ ಯಾರ ಮಾತನ್ನೂ ಮೀರಿದ ಅಭ್ಯಾಸ ನನಗಿಲ್ಲ.

ನಿಮ್ಮ ಕಾಗದ ಹಿಡಿದುಕೊಂಡೇ ಹಿಂದಿನ ಕೋಣೆಗೆ ಓಡಿದೆ. ಏಳೂ ತಪ್ಪು ಸರಿ, ಆದರೆ ಏಳೂ ಒಂದೇ ಅಳತೆಯಷ್ಟು ತಪ್ಪು: ಒಂದೂವರೆ ಅಂಗುಲ. ಮೇಸ್ತ್ರಿಯನ್ನು ಕಾಡಿ ಚೌಕಟ್ಟಿನ ಬುಡದಲ್ಲಿ ನೆಲದ ಒಂದು ಬಿಲ್ಲೆ ಕೀಳಿಸಿದೆ. "ನಿನ್ ಕಾಟ ತಡ್ಯಕ್ಕಾಗಲ್ಲ ಕಣಮ್ಮ" ಎನ್ನುತ್ತಲೇ ಎಬ್ಬಿಸಿದರು. ಅಡಿಯಲ್ಲಿ ನಿಮ್ಮ ಕಾಲದ ನೆಲವಿದೆ, ಕೆಂಪು. ಕನ್ನಡಕದವರು ಅದರ ಮೇಲೆ ಗಾರೆ ಹಾಕಿ ಬಿಲ್ಲೆ ಕೂರಿಸಿದ್ದಾರೆ. ಎರಡು ನೆಲಗಳ ನಡುವೆ ಸರಿಯಾಗಿ ಒಂದೂವರೆ ಅಂಗುಲ. ನಾನು ಅಳೆದದ್ದು ಅವರ ನೆಲದಿಂದ, ನೀವು ಅಳೆದದ್ದು ನಿಮ್ಮ ನೆಲದಿಂದ. ನಿಮ್ಮ ಮಗ ಗಿಡ್ಡನಾಗಿಲ್ಲ, ನೆಲ ಎತ್ತರವಾಗಿದೆ.

ಬಿಲ್ಲೆಯ ಅಂಚಿನ ಹಿಂದೆ ಚೌಕಟ್ಟಿನ ಬುಡದಲ್ಲಿ ನಾನು ಕೆರೆಯಲಾಗದ ಒಂದು ಚೂರು ಬಣ್ಣ ಉಳಿದಿತ್ತು. ಹಸಿರು, ಅದರ ಮೇಲೆ ಕೆನೆ. ಅಂದರೆ ಅವರು ಮೊದಲು ಬಣ್ಣ ಬಳಿದು, ಆಮೇಲೆ ಬಿಲ್ಲೆ ಹಾಕಿಸಿದ್ದಾರೆ.

ಎಂಟನೆಯ ಗೆರೆಯ ವಿಷಯ. ಅದರ ಬಗ್ಗೆ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ನಿಮಗೆ ಮುಖ್ಯವಲ್ಲವೆಂದು ಬಿಟ್ಟಿದ್ದೆ. ಇದು ಆ ಸಾಲು: "ಹಸಿರಿನ ಮೇಲೆ, ಕೆನೆಬಣ್ಣದ ಕೆಳಗೆ." ಹಸಿರು ನೀವು ಹೊರಡುವಾಗ ಬಳಿದದ್ದು. ಕೆನೆ ಅವರು ಬಂದು ಬಳಿಸಿದ್ದು. ಗೆರೆ ಬಿದ್ದದ್ದು ಎರಡರ ನಡುವೆ. ನೀವು ಮನೆ ಬಿಟ್ಟ ಮೇಲೆ, ಅವರು ಬಣ್ಣ ಮಾಡಿಸುವ ಮೊದಲು.

ಕನ್ನಡಕದವರು ಈಗಿಲ್ಲ. ಅವರ ಹೆಂಡತಿ ಎರಡು ಬೀದಿ ಆಚೆ ಇದ್ದಾರೆ. ಅಪರಿಚಿತರ ಮನೆಯ ಕರೆಗಂಟೆ ಒತ್ತಲು ನನಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ. ಬೀದಿಯಲ್ಲಿ ಮೂರು ಸುತ್ತು ಹಾಕಿ ನಾಲ್ಕನೆಯದಕ್ಕೆ ಒತ್ತಿದೆ. ನಾವು ಬಂದು ನಾಲ್ಕೈದು ತಿಂಗಳಿಗೆ ಬಣ್ಣ ಮಾಡಿಸಿದೆವು ಎಂದರು. ಅಷ್ಟರಲ್ಲಿ ಯಾರಾದರೂ ಬಂದಿದ್ದರಾ ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ:

"ಬಂದಿದ್ದ ಒಬ್ಬ. ಇಪ್ಪತ್ತು ವರ್ಷದ ಹುಡುಗ, ಎತ್ತರದೋನು. ಟೈಪಿಂಗ್ ಟೀಚರ್ ಇಲ್ವಾ ಅಂದ. ಇಲ್ಲಪ್ಪ, ಮಾರಿ ಹೋದ್ರು ಅಂದೆ. ಹಿಂದಿನ ಕೋಣೆ ಒಂದ್ಸಲ ನೋಡ್ಲಾ ಅಂದ. ನಾನೇನು ಬೇಡ ಅನ್ಲಿ? ಆಮೇಲೆ ಪೆನ್ಸಿಲ್ ಕೇಳ್ದ. ಏನೋ ಬರೆದಿಟ್ಟು ಹೋಗ್ತಾನೆ ಅಂದ್ಕೊಂಡು ಕಾಗದಾನೂ ಕೊಟ್ಟೆ. ಕಾಗದದಲ್ಲಿ ಏನೂ ಬರೀಲಿಲ್ಲ. ಎರಡನ್ನೂ ವಾಪಸ್ ಕೊಟ್ಟ. ಹೋಗ್ತಾ ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ಳೋಕೆ ತುಂಬಾ ಹೊತ್ತು ಮಾಡ್ದ."

ಇನ್ನೊಂದು ಮಾತೂ ಹೇಳಿದರು. ಅದನ್ನು ನಾನು ಬರೆಯಲಾರೆ.

ಎಂಟನೆಯದಕ್ಕೂ ಒಂದೂವರೆ ಅಂಗುಲ ಸೇರಿಸಿ, ಟೀಚರ್. ಐದಡಿ ಒಂಬತ್ತು. ಬಾಲದ ಬಗ್ಗೆ ನೀವು ಏನೂ ಬರೆಯಲಿಲ್ಲ. ಎಂಟನೆಯದಕ್ಕೂ ಬಾಲವಿತ್ತು.

ಕಾದಂಬರಿ

೧೧ ಅಕ್ಟೋಬರ್

ಕಾದಂಬರಿ,

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಯಂತ್ರದ ಮುಂದೆ ಕೂತರೆ ಬೆರಳು ತಪ್ಪುತ್ತಿದೆ.

ಬಾಲದ ವಿಷಯ. ಅವನಿಗೆ ಒಂದು ಗಳಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಗೆರೆ ಮುಗಿಯುವಷ್ಟರಲ್ಲಿ "ಎಷ್ಟಾದೆ, ಎಷ್ಟಾದೆ?" ಎಂದು ಜಿಗಿಯುತ್ತಿದ್ದ. ಪುಸ್ತಕ ಜಾರಿ ಪೆನ್ಸಿಲ್ ಮೇಲಕ್ಕೆ ಚಿಮ್ಮುತ್ತಿತ್ತು. "ಈ ಸಲಾನೂ ಬಾಲ ಬಂತು ನೋಡು ಕೋತಿ" ಎಂದು ಬೈಯುತ್ತಿದ್ದೆ. ಇಪ್ಪತ್ತು ವರ್ಷದವನು ಕನ್ನಡಕದವರ ಹೆಂಡತಿಯ ಮುಂದೆ ಜಿಗಿದಿರಲಾರ. ಬೇಕೆಂದೇ ಎಳೆದಿದ್ದಾನೆ.

ನೀನು ಬರೆಯದೆ ಬಿಟ್ಟ ಮಾತು ನನಗೆ ಗೊತ್ತು. ಅವನು ವಿಳಾಸ ಕೇಳಿದ. ಅವರು ಕೊಡಲಿಲ್ಲ. ಯಾರು ಕೇಳಿದರೂ ನನ್ನ ವಿಳಾಸ ಕೊಡಬೇಡಿ ಎಂದು ಬೀಗದಕೈ ಕೊಡುವಾಗ ಕನ್ನಡಕದವರ ಕೈಹಿಡಿದು ಹೇಳಿ ಬಂದವಳು ನಾನೇ. ಹನ್ನೆರಡು ವರ್ಷ ಅಯ್ಯೋ ಪಾಪ ಎನ್ನುವವರನ್ನು ಸಹಿಸಿದ್ದೆ, ಅವರು ಇಲ್ಲಿಗೂ ಬರಬಾರದೆಂದು. ಆಕೆ ಮಾತು ಉಳಿಸಿಕೊಂಡಿದ್ದಾಳೆ. ಅವಳನ್ನು ಏನೆಂದು ಬೈಯಲಿ?

ನಿನ್ನನ್ನೂ ಬೈಯಬೇಕೆಂದು ಎದ್ದೆದ್ದು ಕೂತೆ. ಆಗಲಿಲ್ಲ. ನೀನು ಕೆರೆಯದಿದ್ದರೆ ಏಳು ಗೆರೆ ಒಳಗೇ ಇರುತ್ತಿದ್ದವು, ಎಂಟನೆಯದೂ ಇರುತ್ತಿತ್ತು, ನಾನು ಇಲ್ಲಿ ಏಳನ್ನೇ ಎಣಿಸುತ್ತ ಸಾಯುತ್ತಿದ್ದೆ. ಆದರೂ ಕೋಪ ಪೂರ್ತಿ ಹೋಗಿಲ್ಲ, ಹೋಗಿದೆ ಎಂದು ಸುಳ್ಳು ಬರೆಯುವುದಿಲ್ಲ.

ನಿನ್ನೆ ಅಳತೆಪಟ್ಟಿ ಹಿಡಿದು ನನ್ನ ಅಡುಗೆಮನೆಯ ಬಾಗಿಲಿಗೆ ಐದಡಿ ಒಂಬತ್ತಕ್ಕೆ ಗೆರೆ ಎಳೆದೆ. ಕುರ್ಚಿ ಹತ್ತಬೇಕಾಯಿತು. ಇಳಿದು ಅದರ ಕೆಳಗೆ ನಿಂತೆ. ಅವನ ಅಪ್ಪನಿಗಿಂತ ಎರಡು ಬೆರಳು ಹೆಚ್ಚು. ನನ್ನ ತಲೆ ಅವನ ಭುಜಕ್ಕೆ ಬರುತ್ತದೆ.

ಆ ಚೌಕಟ್ಟಿನಲ್ಲಿ ಮತ್ತೆ ಗೆರೆ ಗೀಚುವ ಯೋಚನೆ ನಿನಗೆ ಬಂದಿರುತ್ತದೆ. ಬೇಡ. ನಕಲು ನನಗೆ ಬೇಡ. ಬೇರೆ ಒಂದು ಕೆಲಸ ಮಾಡು. ವಾಚನಾಲಯವಾದರೆ ಯಾರು ಬೇಕಾದರೂ ಒಳಗೆ ಬರಬಹುದಲ್ಲವೆ, ಯಾರನ್ನೂ ಕೇಳದೆ? ಫಲಕದಲ್ಲಿ ನನ್ನ ಹೆಸರು ಹಾಕಿಸು, ಪೂರ್ತಿ ಹೆಸರು. ಅದರ ಕೆಳಗೆ ಈ ವಿಳಾಸ ಹಾಕಿಸು. ಮನೆ ಸಂಖ್ಯೆ ಬಿಡಬೇಡ, ಎರಡನೆಯ ಮಹಡಿ ಎಂಬುದನ್ನೂ ಬಿಡಬೇಡ.

ಅವನಿಗೆ ಈಗ ನಲವತ್ತಾರು.

ಟೀಚರ್

೨೦ ನವೆಂಬರ್

ಟೀಚರ್,

ಫಲಕ ನಿನ್ನೆ ಬಂತು. ನೇರಳೆ ಬಣ್ಣದ ಅಕ್ಷರ ಬೇಡವೆಂದು ಜಗಳವಾಡಿ ಕಪ್ಪು ಮಾಡಿಸಿದೆ. ವಿಳಾಸ ಹಾಕಿಸಲು ನಾಲ್ಕು ಸಲ ನಗರಸಭೆಗೆ ಹೋದೆ. "ಸ್ಮಾರಕ ಫಲಕದಲ್ಲಿ ಬದುಕಿರೋರ ವಿಳಾಸ ಹಾಕೋ ಪದ್ಧತಿ ಇಲ್ಲ" ಎಂದು ಇಂಜಿನಿಯರ್ ಹೇಳಿದರು. ನಾನು ಅವರ ಮೇಜಿನ ಮೇಲೆ ನನ್ನ ಪುಸ್ತಕದ ಆ ಪುಟ ತೆರೆದಿಟ್ಟೆ, ನಿಮ್ಮ ರಟ್ಟಿನ ಅಳತೆಗಳನ್ನು ಪಕ್ಕದಲ್ಲಿ ಬರೆದಿದ್ದೆ. ಅವರು ಓದಿದರು. ಇನ್ನೊಂದು ಸಲ ಓದಿದರು. "ಬಡಗಿ ಅಂದಿದ್ದೆ ಅಲ್ವಾ ನಾನು?" ಎಂದರು. ಆಮೇಲೆ ಸಹಿ ಹಾಕಿದರು.

ಹಗ್ಗದವರಿಂದ ಕನ್ನಡಕದವರ ತನಕ ನಾಲ್ಕು ಹೆಸರು. ನಿಮ್ಮದು ಮೂರನೆಯದು. "ಟೈಪಿಂಗ್ ಶಾಲೆ ನಡೆಸುತ್ತಿದ್ದವರು, ಇಪ್ಪತ್ತೆರಡು ವರ್ಷ", ಕೆಳಗೆ ವಿಳಾಸ, ಎರಡನೆಯ ಮಹಡಿ ಸಮೇತ.

ಇಂದು ಬೆಳಿಗ್ಗೆ ನೇತುಹಾಕುವಾಗ ಮೇಸ್ತ್ರಿ ಗೊಣಗಿದರು: "ಇಷ್ಟೆತ್ತರಕ್ಕಾ? ಫಲಕ ಅಂದ್ರೆ ಇನ್ನೂ ಅರ್ಧ ಅಡಿ ಕೆಳಗಿರ್ಬೇಕು. ನೀನೇ ಕತ್ತೆತ್ತಿ ಓದ್ಬೇಕಲ್ಲ." ನಾನು ಅಳೆದದ್ದನ್ನೇ ಮತ್ತೆ ಅಳೆದು ಹಿಡಿದೆ. ನಿಮ್ಮ ಹೆಸರಿನ ಸಾಲು ನೆಲದಿಂದ ಸರಿಯಾಗಿ ಐದಡಿ ನಾಲ್ಕೂವರೆ ಅಂಗುಲಕ್ಕೆ ಬರಬೇಕಿತ್ತು. ಐದಡಿ ಒಂಬತ್ತು ಅಂಗುಲದ ಮನುಷ್ಯ ನೆಟ್ಟಗೆ ನಿಂತರೆ ಕಣ್ಣು ಅಲ್ಲಿರುತ್ತದೆ.

ಈ ಸಲ ಯಾವ ನೆಲದಿಂದ ಅಳೆದೆ ಎಂದು ನೋಡಿಕೊಂಡಿದ್ದೇನೆ.

ಕಾದಂಬರಿ